ಅತ್ತಿತಿಟ್ಟಿನ ಅಳತೆ

ನಿವೃತ್ತಿಯಾದ ಮೇಲೆ ಮೊಣಕಾಲು ನೋವಿಗೆಂದು ಮಂಡ್ಯದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರು. ಸರ್ವೆಯಲ್ಲಿದ್ದೆ, ಹೊಲ ಅಳೆಯುತ್ತಿದ್ದೆ ಎಂದೆ. "ಹಾಗಾದರೆ ಸರಿ ಬಿಡಿ, ಎಷ್ಟು ನಡೆದಿದ್ದೀರೋ ಅಷ್ಟೂ ಇಲ್ಲಿ ಬರೆದಿದೆ" ಎಂದು ಎಕ್ಸ್‌ರೇ ತೋರಿಸಿದರು. ನಡೆದದ್ದು ಮೂಳೆಯಲ್ಲಿ ಉಳಿಯುತ್ತದೆ. ನಡೆಯದೆ ಬಿಟ್ಟದ್ದು ಎಲ್ಲಿ ಉಳಿಯುತ್ತದೆ ಎಂದು ನಾನು ಅವರನ್ನು ಕೇಳಲಿಲ್ಲ.

ಹೋದ ತಿಂಗಳು ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು. ನಿಮ್ಮ ಕಾಲದಲ್ಲೂ ಹೆಂಗಸರು ಸರ್ವೆಗೆ ಹೋಗುತ್ತಿದ್ದರಾ ಎಂದು ಅವರಿಗೆ ಆಶ್ಚರ್ಯ. ಹೋಗುತ್ತಿದ್ದೆವು, ಸೀರೆ ಎತ್ತಿ ಕಟ್ಟಿಕೊಂಡು ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೋಗುತ್ತಿದ್ದೆವು ಎಂದೆ. ಅನುಭವ ಹೇಳಿ ಎಂದರು. ಬಾಯಲ್ಲಿ ಹೇಳುವಷ್ಟು ಹೇಳಿದೆ. ಬಾಯಲ್ಲಿ ಹೇಳಲಾಗದ್ದು ಒಂದಿತ್ತು, ಅದನ್ನು ಈಗ ಬರೆಯುತ್ತಿದ್ದೇನೆ. ಎಲ್ಲೆಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಬಂತು ಎಂಬುದನ್ನು ಬರೆಯುವುದಿಲ್ಲ. ಅದರಿಂದ ಯಾರಿಗೂ ಪ್ರಯೋಜನವಿಲ್ಲ, ನನಗೂ ಸರಿಯಾಗಿ ನೆನಪಿಲ್ಲ.

ನಾನು ಕೊತ್ತತ್ತಿಯವಳು. ನಾಲೆಯ ನೀರು ಕುಡಿದು ಬೆಳೆದವಳು. ಆದರೂ ನನಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳತಿಯೊಬ್ಬಳು ನಾಲೆಗೆ ಜಾರಿ ಹೋದವಳು ಎರಡು ಮೈಲಿ ಕೆಳಗೆ ಸಿಕ್ಕಿದಳು. ಅಂದಿನಿಂದ ನಾನು ನಾಲೆಗೆ ಇಳಿಯುವ ಸೋಪಾನದ ಎರಡನೇ ಮೆಟ್ಟಿಲಿಗೆ ಇಳಿದವಳಲ್ಲ. ಈ ಮಾತು ಮುಂದೆ ಬೇಕಾಗುತ್ತದೆ ಎಂದು ಈಗಲೇ ಹೇಳಿದ್ದೇನೆ. ನೆಪ ಹೇಳುವುದಕ್ಕಲ್ಲ.

ಕೆಲಸಕ್ಕೆ ಸೇರಿದಾಗ ನಮ್ಮ ಕೈಗೆ ಕೊಟ್ಟದ್ದು ಕಬ್ಬಿಣದ ಸರಪಳಿ. ಉದ್ದ ಮೂವತ್ತಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ಇಷ್ಟು ತಿಳಿದರೆ ಅರ್ಧ ಕೆಲಸ ಬಂದಂತೆ. ಉಳಿದರ್ಧವನ್ನು ನನಗೆ ಕಲಿಸಿದವನು ಸಿದ್ದಯ್ಯ. ಅವನು ನಮ್ಮ ಬಾಂದು ಜವಾನ, ಅಂದರೆ ಸರಪಳಿ ಹಿಡಿಯುವವನು, ಗಡಿಕಲ್ಲು ಹುಡುಕುವವನು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ಮಣ್ಣಿನೊಳಗೆ ಹೂತುಹೋದ ಕಲ್ಲನ್ನು ಕಬ್ಬಿಣದ ಸಲಾಕೆಯಿಂದ ಚುಚ್ಚಿ, ಬಂದ ಸದ್ದಿನಲ್ಲೇ ಅದು ಗಡಿಕಲ್ಲೋ ಬರೀ ಕಲ್ಲೋ ಹೇಳಿಬಿಡುತ್ತಿದ್ದ.

ಮೊದಲ ವರ್ಷ ಕೊಪ್ಪದಲ್ಲಿ ಒಂದು ಗದ್ದೆ ಅಳೆದೆವು. ಅಣ್ಣತಮ್ಮಂದಿರ ಭಾಗ. ಸಂಜೆಯವರೆಗೆ ಅಳೆದು ಏಳು ಕಲ್ಲು ನೆಟ್ಟು ಬಂದೆವು. ಮಾರನೆಯ ದಿನ ಸರಪಳಿ ಒರೆಸುತ್ತಿದ್ದ ಸಿದ್ದಯ್ಯ ತಲೆ ಎತ್ತಿ, "ಅಮ್ಮಾವ್ರೆ, ಒಂದು ಕೊಂಡಿ ಬಾಯ್ ಬುಟ್ಟದೆ. ನೆನ್ನೆ ಅಳ್ದಿದ್ದೆಲ್ಲ ಸುಳ್ಳು" ಎಂದ. ಕೊಂಡಿ ಅಗಲವಾಗಿ ಸರಪಳಿ ಉದ್ದವಾಗಿತ್ತು. ನಾನು ಅಳುವುದೊಂದು ಬಾಕಿ. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿರೋಣವೇ ಎಂದು ಕೇಳಿಯೂ ಬಿಟ್ಟೆ. ಅವನು ಸಲಾಕೆ ಹೆಗಲಿಗೇರಿಸಿ ಬಸ್ಸಿಗೆ ನಡೆದ. ಊರಿನವರ ಮುಂದೆ ಏಳೂ ಕಲ್ಲು ಕಿತ್ತು ಮತ್ತೆ ನೆಟ್ಟೆವು. ಒಬ್ಬ ಮುದುಕಿ, "ನೆನ್ನೆ ನೆಟ್ಟಿದ್ನ ಇವತ್ತು ಕೀಳ್ತೀಯ, ನಾಳೀಕೆ ಏನ್ ಮಾಡೀಯವ್ವ?" ಎಂದು ಕೇಳಿದಳು. ಗದ್ದೆಯ ಬದುವಿನ ಮೇಲೆ ನಿಂತಿದ್ದವರೆಲ್ಲ ನಕ್ಕರು. ನನ್ನ ವೃತ್ತಿಯಲ್ಲಿ ಅತ್ಯಂತ ಅವಮಾನದ ದಿನ ಅದು ಎಂದು ಆಗ ಅಂದುಕೊಂಡಿದ್ದೆ. ಅದು ಬಹಳ ಒಳ್ಳೆಯ ದಿನವಾಗಿತ್ತು.

ಮೂರ್ನಾಲ್ಕು ವರ್ಷವಾದ ಮೇಲೆ ನನ್ನನ್ನು ಮಳವಳ್ಳಿ ಕಡೆಗೆ ಹಾಕಿದರು. ಆ ಕಡೆ ಕಾವೇರಿ ಒಂದಾಗಿ ಹರಿಯುವುದಿಲ್ಲ. ಬಂಡೆಗೆ ಬಡಿದು ಕವಲಾಗುತ್ತದೆ, ಮತ್ತೆ ಕೂಡುತ್ತದೆ, ನಡುವೆ ತಿಟ್ಟುಗಳನ್ನು ಬಿಡುತ್ತದೆ. ಕೆಲವು ತಿಟ್ಟುಗಳು ಬರೀ ಬಂಡೆ ಮತ್ತು ಲಕ್ಕಿಗಿಡ. ಕೆಲವುಗಳಲ್ಲಿ ಮಣ್ಣಿದೆ, ಮರವಿದೆ. ಹೊಳೆಯ ಆಚೆ ದಡ ಬೇರೆ ಜಿಲ್ಲೆ. ನಮ್ಮ ನಕ್ಷೆಯಲ್ಲಿ ಹೊಳೆಯವರೆಗೆ ನಮ್ಮ ಊರುಗಳು, ಅವರ ನಕ್ಷೆಯಲ್ಲಿ ಹೊಳೆಯವರೆಗೆ ಅವರ ಊರುಗಳು. ನಡುವಿನದ್ದಕ್ಕೆ ಎರಡೂ ಕಡೆಯವರು ನೀಲಿ ಬಣ್ಣ ಬಳಿದು 'ಹೊಳೆ ಖರಾಬು' ಎಂದು ಬರೆದು ಬಿಟ್ಟಿದ್ದರು. ಖರಾಬು ಎಂದರೆ ಸಾಗುವಳಿಗೆ ಬಾರದ, ಯಾರ ಹೆಸರಿಗೂ ಇಲ್ಲದ ಜಾಗ.

ಒಂದು ಬೇಸಗೆಯ ಕೊನೆಗೆ ಮೇಲಿನಿಂದ ಆದೇಶ ಬಂತು. ನಮ್ಮ ದಡಕ್ಕೆ ಹತ್ತಿರವಿರುವ ತಿಟ್ಟುಗಳನ್ನೆಲ್ಲ ಗುರುತಿಸಿ, ಪ್ರತಿಯೊಂದರಲ್ಲೂ ಜನವಸತಿ ಇದೆಯೇ ಇಲ್ಲವೇ ಎಂದು ಒಂದು ಸಾಲು ಬರೆದು ಕಳಿಸಬೇಕು. ನಾನು, ಸಿದ್ದಯ್ಯ, ನಮ್ಮ ಮೇಲ್ವಿಚಾರಕರು ಮೂವರೂ ದಡದ ಊರೂರು ತಿರುಗಿದೆವು. ಮೇಲ್ವಿಚಾರಕರು ಕೆಟ್ಟವರಲ್ಲ. ಪೆನ್ಸಿಲ್ ಹೇಗೆ ಹೆರೆಯಬೇಕು, ಗೆರೆ ಹೇಗೆ ನಡುಗದಂತೆ ಎಳೆಯಬೇಕು ಎಂದು ನನಗೆ ಕಲಿಸಿದವರೇ ಅವರು. ಮಧ್ಯಾಹ್ನದ ಊಟಕ್ಕೆ ನನ್ನನ್ನು ಬಿಟ್ಟು ಕೂತವರಲ್ಲ.

ಕೊನೆಯ ದಿನ ಕಡವಿನಕೊಪ್ಪಲಿಗೆ ಬಂದೆವು. ಎದುರಿಗೆ ಹೊಳೆಯ ನಡುವೆ ದೊಡ್ಡ ತಿಟ್ಟು. ಅತ್ತಿತಿಟ್ಟು ಎಂದರು ಊರವರು. ಹಿಂದಿನ ರಾತ್ರಿ ಮೇಲೆಲ್ಲೋ ಮಳೆಯಾಗಿ ನೀರು ಕೆಂಪಾಗಿ ಏರುತ್ತಿತ್ತು. ದಡದಲ್ಲಿ ಹರಿಗೋಲು ಇತ್ತು, ಅಂಬಿಗನೂ ಇದ್ದ. ನಾನು ಹರಿಗೋಲು ನೋಡಿದೆ, ನೀರು ನೋಡಿದೆ. ಮೇಲ್ವಿಚಾರಕರು ನನ್ನ ಮುಖ ನೋಡಿದರು.

"ಈಜು ಬರುತ್ತೇನಮ್ಮ?"

"ಇಲ್ಲ ಸಾರ್."

"ನಿನಗೇನಾದರೂ ಆದರೆ ನಿಮ್ಮಪ್ಪನಿಗೆ ನಾನೇನು ಉತ್ತರ ಹೇಳಲಿ? ಬೇಡ. ದಡದಿಂದಲೇ ಮುಗಿಸು."

ನನಗೆ ಎಷ್ಟು ಹಗುರವಾಯಿತು ಎಂಬುದು ಈಗಲೂ ನೆನಪಿದೆ. ಮೂರು ಕಾಲಿನ ಹಲಗೆ ನಿಲ್ಲಿಸಿ, ದಡದ ಎರಡು ಜಾಗದಿಂದ ತಿಟ್ಟಿನ ಮರಗಳಿಗೆ ಗುರಿಯಿಟ್ಟು ಗೆರೆ ಎಳೆದರೆ, ಗೆರೆಗಳು ಕೂಡಿದಲ್ಲಿ ಮರ ಇರುತ್ತದೆ. ಹಾಗೆ ತಿಟ್ಟಿನ ಹೊರಗೆರೆಯನ್ನು ಕಾಗದಕ್ಕೆ ತಂದೆ. ಸಿದ್ದಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ.

"ಒಗೆ ಆಡ್ತಾ ಅದೆ ಕಣಮ್ಮ. ಒಂದ್ಕಡೆ ಅಲ್ಲ, ನಾಕ್ ಕಡೆ" ಎಂದ.

ಅಲ್ಲಿ ಯಾರಿದ್ದಾರೆ ಎಂದು ದಡದಲ್ಲಿದ್ದ ಊರಿನ ಯಜಮಾನರನ್ನು ಮೇಲ್ವಿಚಾರಕರು ಕೇಳಿದರು. "ಅವ್ರಾ? ಮೀನ್ ಇಡಿಯೋರು ಬುಡಿ ಸಾರ್. ಬತ್ತರೆ, ಓಯ್ತರೆ. ಅದೇನ್ ಊರೇ?" ಎಂದರು ಯಜಮಾನರು. ಆ ಹೊತ್ತಿಗೆ ತಿಟ್ಟಿನ ಅಂಚಿನಲ್ಲಿ ಒಬ್ಬ ಹೆಂಗಸು ಬಂದು ನಿಂತು ನಮ್ಮ ಕಡೆಗೆ ಕೂಗಿದಳು. ನೀರಿನ ಸದ್ದಿನಲ್ಲಿ ಏನೆಂದು ಕೇಳಲಿಲ್ಲ. ನಾನು ಕೈ ಬೀಸಿದೆ. ಅವಳು ಮತ್ತೆ ಕೂಗಿದಳು. ನಾನು ಮತ್ತೆ ಕೈ ಬೀಸಿದೆ.

ಬರೆದೆ: 'ಮೀನು ಹಿಡಿಯುವವರ ತಾತ್ಕಾಲಿಕ ಬಿಡಾರವಿದೆ. ಖಾಯಂ ಜನವಸತಿ ಇಲ್ಲ.' ಮಾತುಗಳನ್ನು ಹೇಳಿದವರು ಮೇಲ್ವಿಚಾರಕರು, ಬರೆದ ಕೈ ನನ್ನದು. ಸ್ಥಳ ಪರಿಶೀಲಿಸಿ ಬರೆದಿದ್ದೇನೆ ಎಂದು ಮೊದಲೇ ಅಚ್ಚಾಗಿದ್ದ ಸಾಲಿನ ಕೆಳಗೆ ಸಹಿ ಹಾಕಿದೆ, ಕೆ. ಜಯಮ್ಮ. ಸಿದ್ದಯ್ಯ ಹಲಗೆ ಮಡಚಿದ. ಮಳವಳ್ಳಿಗೆ ಬರುವ ಬಸ್ಸಿನಲ್ಲಿ ನಾನು ನಿದ್ದೆ ಮಾಡಿದೆ.

ಆಮೇಲೆ ಬಹಳ ವರ್ಷ ಕಳೆಯಿತು. ಮದುವೆಯಾಯಿತು, ಮಕ್ಕಳಾದವು. ಸರಪಳಿ ಹೋಗಿ ಟೇಪು ಬಂತು, ಟೇಪು ಹೋಗಿ ಕಣ್ಣಿಟ್ಟು ಗುಂಡಿ ಒತ್ತಿದರೆ ದೂರ ಹೇಳುವ ಯಂತ್ರ ಬಂತು. ಭಾರತೀನಗರದ ಕಡೆ ಕಬ್ಬಿನ ಗಾಡಿಗಳು ನಮ್ಮ ಸರಪಳಿಯ ಮೇಲೆಯೇ ಹಾದುಹೋಗುತ್ತಿದ್ದ ಕಾಲ ಮುಗಿದು, ನಾವು ಬದುವಿನ ಮೇಲೆ ಕೊಡೆ ಬಿಡಿಸಿಕೊಂಡು ನಿಂತು ಅಳೆಯುವ ಕಾಲ ಬಂತು. ನನಗೆ ಮಳವಳ್ಳಿ ಕಡೆಗೇ ಮತ್ತೆ ವರ್ಗವಾಗಿ, ಈ ಸಲ ಒಳಗೆ ಮೇಜು ಸಿಕ್ಕಿತ್ತು.

ಒಂದು ದಿನ ಒಬ್ಬ ಹೆಂಗಸು ಬಂದಳು. ನಲವತ್ತರ ಹತ್ತಿರದ ವಯಸ್ಸು, ಕಪ್ಪು ಮೈ, ಗಟ್ಟಿ ದನಿ. ಹೆಸರು ಚಿಕ್ಕತಾಯಮ್ಮ ಎಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿ ಮಡಚಿ ಹರಿದ ಕಾಗದಗಳು.

"ಅತ್ತಿತಿಟ್ಟಿಂದ ಬಂದಿವ್ನಿ ಕಣವ್ವ. ತೂಗು ಸೇತ್ವೆ ಕೇಳಿದ್ವಿ. ಇಲ್ಲ ಅಂತ ಬರ್ದ್ ಕಳ್ಸವ್ರೆ. ಯಾಕ್ ಇಲ್ಲ ಅಂತ ಓದಿ ಏಳು."

ಓದಿದೆ. ಜನವಸತಿ ಇಲ್ಲದ ಸ್ಥಳಕ್ಕೆ ಸೇತುವೆ ಮಂಜೂರು ಮಾಡಲು ಬರುವುದಿಲ್ಲ ಎಂದಿತ್ತು. ಜೊತೆಗೆ ಆಧಾರವಾಗಿ ಒಂದು ನಕಲು ಲಗತ್ತಿಸಿದ್ದರು. ನನ್ನ ಅಕ್ಷರ. ಆಗಿನ ನನ್ನ ಅಕ್ಷರ ಎಷ್ಟು ದುಂಡಗಿತ್ತು.

"ಏನಂತವ್ವ?"

"ಅಲ್ಲಿ ಯಾರೂ ವಾಸ ಇಲ್ಲ ಅಂತ ದಾಖಲೆ ಇದೆ."

ಅವಳು ನಗಲಿಲ್ಲ, ಸಿಟ್ಟಾಗಲಿಲ್ಲ. ಹೋದ ಮಳೆಗಾಲದ ಕಥೆ ಹೇಳಿದಳು. ಅವಳ ಗಂಡನಿಗೆ ಸೌದೆ ತೆಗೆಯುವಾಗ ಹಾವು ಕಚ್ಚಿತು. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿತ್ತು. ಮೈದುನ ಹರಿಗೋಲಿಗೆ ಅಣ್ಣನನ್ನು ಹಾಕಿಕೊಂಡು ಹೊರಟ. ಎರಡು ಸಲ ಸೆಳವು ಹರಿಗೋಲನ್ನು ಗಿರಗಿರ ತಿರುಗಿಸಿ ತಿಟ್ಟಿಗೇ ತಂದು ಬಿಟ್ಟಿತು. ಮೂರನೆಯ ಸಲ ದಡ ಮುಟ್ಟಿದಾಗ ಹೊತ್ತು ಮೀರಿತ್ತು.

"ಅವ್ರು ಬದ್ಕಿದ್ದೂ ಸುಳ್ಳು, ಸತ್ತಿದ್ದೂ ಸುಳ್ಳಾ ಅಂಗಾರೆ?" ಎಂದು ಕೇಳಿ, ಬೆರಳನ್ನು ಕಾಗದದ ಮೇಲಿಟ್ಟಳು. ಓದಲು ಬಾರದವರಿಗೆ ಸಹಿ ಎಲ್ಲಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. "ಇದ್ಯಾರ್ ಸೈನವ್ವ?"

ನನ್ನ ಮೇಜಿನ ಮೇಲೆ ನನ್ನ ಹೆಸರಿನ ಹಲಗೆ ಇತ್ತು.

"ಹಳೇ ಕಾಲದ್ದು" ಎಂದೆ. "ಯಾರೋ ಬರೆದಿದ್ದಾರೆ."

ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಕೈ ಮುಗಿದು ಹೋದಳು. ಆ ಕೈ ಮುಗಿದದ್ದನ್ನು ನಾನು ಇನ್ನೂ ದಾಟಿಲ್ಲ.

ಒಂದು ವಾರವಾದ ಮೇಲೆ ಸಿದ್ದಯ್ಯನಿಗೆ ಹೇಳಿದೆ. ಅವನೂ ಅದೇ ಕಚೇರಿಯಲ್ಲಿದ್ದ, ನಿವೃತ್ತಿಗೆ ಕೆಲವೇ ತಿಂಗಳಿತ್ತು. "ನಡೀರಿ, ನೋಡ್ಕೊಂಡ್ ಬರಾಣ" ಎಂದ. ಕಚೇರಿಗೆ ತಿಳಿಸದೆ, ಒಂದು ಭಾನುವಾರ ಹೋದೆವು. ಕಡವಿನಕೊಪ್ಪಲಲ್ಲಿ ಹರಿಗೋಲು ಹಾಕುತ್ತಿದ್ದವನು ಚಿಕ್ಕತಾಯಮ್ಮನ ಮೈದುನ ಮಾದೇವ. ಹೊಳೆ ಬೇಸಗೆಯ ಹೊಳೆ, ಸೊಂಟದುದ್ದದ ನೀರಿನಲ್ಲಿ ಬಂಡೆ ಕಾಣುತ್ತಿತ್ತು. ಆದರೂ ಹರಿಗೋಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದೆ. "ಕಣ್ ಬುಡಿ ಅಮ್ಮಾವ್ರೆ, ಮುಚ್ಕೊಂಡ್ರೆ ಜಾಸ್ತಿ ತಿರುಗ್ತದೆ" ಎಂದ ಮಾದೇವ. ಬಿಟ್ಟೆ. ನೂರು ಎಣಿಸುವಷ್ಟರಲ್ಲಿ ದಾಟಿಬಿಟ್ಟಿತ್ತು. ಇಷ್ಟೇ ದೂರವಿತ್ತು.

ತಿಟ್ಟಿನಲ್ಲಿ ಹನ್ನೊಂದು ಮನೆ. ಮಣ್ಣಿನ ಗೋಡೆ, ಕೆಲವಕ್ಕೆ ಹಂಚು, ಕೆಲವಕ್ಕೆ ತಗಡು. ಮೇಲ್ತುದಿ ಬಂಡೆ, ದೋಣಿಯ ಮೂತಿಯ ಹಾಗೆ ನೀರನ್ನು ಸೀಳುತ್ತಿತ್ತು. ಅದನ್ನು ಅವರು ತಲೆ ಎನ್ನುತ್ತಾರೆ. ಕೆಳತುದಿಯಲ್ಲಿ ಉದ್ದಕ್ಕೆ ಮರಳು, ಅದು ಬಾಲ. ನಡುವಿನ ಎತ್ತರದಲ್ಲಿ ರಾಗಿ, ಹುರುಳಿ. ಬಾಲದ ಕಡೆ ಮರಳಿನಲ್ಲಿ ಕಲ್ಲಂಗಡಿ ಬಳ್ಳಿ. ಮಾದೇವ ನಡೆಯುತ್ತಾ ವಿವರಿಸಿದ.

"ತಲೆ ಸವೀತದೆ, ಬಾಲ ಬೆಳೀತದೆ. ನಮ್ ತಾತನ್ ಕಾಲಕ್ಕೆ ಆ ಉಣ್ಸೆಮರ ಬಾಲ್ದಲ್ಲಿತ್ತಂತೆ. ಈಗ ನಡೂಕೆ ಬಂದದೆ. ಮರ ಬರ್ನಿಲ್ಲ, ತಿಟ್ಟೇ ಕೆಳೀಕೆ ನಡೀತಾ ಅದೆ."

ಹುಣಸೆಮರದ ಬುಡದಲ್ಲಿ ಮಚ್ಚಿನಿಂದ ಕೊಚ್ಚಿದ ಗುರುತುಗಳಿದ್ದವು. ದೊಡ್ಡ ನೀರು ಬಂದಾಗಲೆಲ್ಲ ಎಲ್ಲಿಯವರೆಗೆ ಬಂತು ಎಂದು ಒಂದೊಂದು ತಲೆಮಾರು ಕೊಚ್ಚಿದ್ದು. ಮೂರು ಗುರುತು ಹಳೆಯದಾಗಿ ತೊಗಟೆಯೊಳಗೆ ಮುಚ್ಚಿಹೋಗಿತ್ತು. ಮನೆಗಳ ನಡುವೆ ನೆಲದ ಬಂಡೆಯಲ್ಲೇ ಕೊರೆದ ಒರಳಿತ್ತು. ಕೈ ಇಳಿಬಿಟ್ಟೆ. ಮೊಣಕೈ ಮುಳುಗಿತು. ಬಂಡೆ ಅಷ್ಟು ಸವೆಯಬೇಕಾದರೆ ಎಷ್ಟು ಹೆಂಗಸರು ಎಷ್ಟು ಕಾಲ ರಾಗಿ ಕುಟ್ಟಿರಬೇಕು? ತಾತ್ಕಾಲಿಕ ಬಿಡಾರದವರು ಬಂಡೆಯಲ್ಲಿ ಒರಳು ಕೊರೆಯುವುದಿಲ್ಲ. ಅದನ್ನು ತಿಳಿಯಲು ಸರ್ವೆ ಓದಬೇಕಾಗಿಯೂ ಇಲ್ಲ.

ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದೆ. ಹೇಳಿದ್ದು ಚಿಕ್ಕತಾಯಮ್ಮ. "ನಮ್ಮ ಯಜಮಾನ್ರ ಮುತ್ತಾತ ಒಳೆ ದಾಟಿಸೋನು. ಎರಡು ದಡ್ದೋರ್ಗೂ ಬೇಕಾದೋನು. ಆದ್ರೆ ಗುಡ್ಸಲು ಆಕೊಳಕ್ಕೆ ಯಾವ್ ದಡ್ದೋರೂ ಜಾಗ ಕೊಡ್ನಿಲ್ಲ. ಅದ್ಕೆ ಇಲ್ಲಿ ಆಕೊಂಡ." ಆ ಒಂದು ಮಾತಿಗಿಂತ ಹೆಚ್ಚಿನ ಚರಿತ್ರೆ ಆ ತಿಟ್ಟಿಗೆ ಬೇಕಿಲ್ಲ. ಎಷ್ಟೋ ತಿಟ್ಟುಗಳಲ್ಲಿ ಜನ ಕೂತದ್ದು ಹೀಗೆಯೇ ಎಂದು ಆಮೇಲೆ ನಾನು ಕಂಡುಕೊಂಡೆ.

ಅವಳ ಜಗಲಿಯ ಮೇಲೆ ಕೂತು ಹೇಳಿಬಿಟ್ಟೆ. "ಆ ಸಹಿ ನನ್ನದು ಕಣಮ್ಮ. ಆವತ್ತು ನಾನು ದಾಟಿ ಬರಲಿಲ್ಲ."

ಚಿಕ್ಕತಾಯಮ್ಮ ಹತ್ತಿರ ಬಂದು ಬಗ್ಗಿ ನನ್ನ ಹಣೆ ನೋಡಿದಳು.

"ಬೊಟ್ಟಿಟ್ಕೊಂಡು ನೀಲಿ ಸೀರೆ ಉಟ್ಟಿದ್ದೋಳು ನೀನೇನಾ?" ಎಂದಳು. "ನಾನಾಗ ಮದುವೆ ಆಗಿ ಬಂದು ಮೂರ್ ತಿಂಗ್ಳು. ಸರ್ವೆಯೋರು ಬತ್ತರೆ ಅಂತ ಅಂಗ್ಳ ಎಲ್ಲ ಸಾರ್ಸಿ, ಮುದ್ದೆ ಮಾಡಿ, ಮೀನ್ ಸಾರು ಕಾಯ್ಸಿ ಮಡ್ಗಿದ್ವಿ. ಉಣ್ಣಕ್ ಬನ್ನಿ ಅಂತ ನಮ್ಮತ್ತೆ ಗಂಟ್ಲು ಕಿತ್ತೋಗಂಗೆ ಕೂಗಿದ್ಲು. ನೀನು ಕೈ ಬೀಸ್ದೆ. ಬತ್ತೀನಿ ಅಂತಾವ್ಳೆ ಅಂದ್ಲು ನಮ್ಮತ್ತೆ. ಮೂರ್ ಗಂಟೆಗಂಟ ಯಾರೂ ಉಣ್ನಿಲ್ಲ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಸಿದ್ದಯ್ಯ ಎದ್ದು ಹುಣಸೆಮರದ ಕಡೆ ಹೋದ.

"ಅಳ್ಬ್ಯಾಡ" ಎಂದಳು ಚಿಕ್ಕತಾಯಮ್ಮ. ಸಮಾಧಾನದ ದನಿಯಲ್ಲಿ ಅಲ್ಲ. "ಅತ್ತು ಏನ್ ಕಡ್ದಾಕ್ತೀಯ. ಬರ್ದೋಳು ನೀನೇ ತಾನೆ? ಅಳ್ಸು."

ಅಳಿಸುವುದು ಅಷ್ಟು ಸುಲಭವಿರಲಿಲ್ಲ. ಸರ್ಕಾರದ ಕಾಗದದ ಮೇಲೆ ಒಂದು ಸಲ ಕೂತ ಸಾಲನ್ನು ತೆಗೆಯಬೇಕಾದರೆ, ಅದು ತಪ್ಪು ಎಂದು ಬರೆದವರೇ ಹೇಳಬೇಕು. ಸ್ಥಳಕ್ಕೆ ಹೋಗದೆಯೇ ಹೋದೆ ಎಂದು ಸಹಿ ಹಾಕಿದ್ದೆ ಎಂದು ನಾನು ಒಪ್ಪಿ ಬರೆದುಕೊಡಬೇಕು. ಆಗಿನ ನಮ್ಮ ಅಧಿಕಾರಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ಮೇಡಂ, ಹೊಸದಾಗಿ ಇನ್ನೊಂದು ವರದಿ ಕೊಡಿ, ಈಗ ಜನ ಬಂದು ಸೇರಿಕೊಂಡಿದ್ದಾರೆ ಅಂತ. ಹಳೆಯದು ಸುಳ್ಳು ಅನ್ನಬೇಡಿ. ವಿಚಾರಣೆ ಆಗುತ್ತೆ. ಸರ್ವೀಸು ಇನ್ನೂ ಬೇಕಾದಷ್ಟಿದೆ ನಿಮಗೆ."

ಈಗ ಬಂದು ಸೇರಿಕೊಂಡವರು ಎಂದು ಬರೆದರೆ ಅವರು ಒತ್ತುವರಿದಾರರಾಗುತ್ತಾರೆ, ನಾಳೆ ಎಬ್ಬಿಸಬಹುದು. ಅದು ನನಗೆ ಗೊತ್ತಿತ್ತು. ಆದರೂ ಹೆದರಿದೆ. ತಪ್ಪೊಪ್ಪಿಗೆಯನ್ನು ಬರೆದು ಮಡಚಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಮೂರು ತಿಂಗಳು ಹೊತ್ತು ತಿರುಗಿದೆ. ಮಡಿಕೆ ಹರಿಯಿತು, ಇನ್ನೊಂದು ಪ್ರತಿ ಬರೆದೆ.

ಸಿದ್ದಯ್ಯನ ನಿವೃತ್ತಿಯ ದಿನ ಹಾರ ಹಾಕಿ, ಟೀ ಕೊಟ್ಟು, ಎಲ್ಲರೂ ನಾಲ್ಕು ಮಾತಾಡಿದರು. ಹೊರಗೆ ಬಂದ ಮೇಲೆ ಹಾರ ಕೈಯಲ್ಲಿ ಹಿಡಿದುಕೊಂಡೇ ಅವನು ಕೇಳಿದ: "ಕೊಟ್ರಾ ಅಮ್ಮಾವ್ರೆ?"

"ಇಲ್ಲ ಸಿದ್ದಯ್ಯ."

"ಕೊಪ್ಪದಲ್ಲಿ ಏಳ್ ಕಲ್ಲು ಕಿತ್ತು ನೆಡ್ನಿಲ್ವಾ ನಾವು? ಇದು ಎಂಟ್ನೇದು ಅನ್ಕಳಿ."

ಮಾರನೆಯ ದಿನ ಕೊಟ್ಟೆ.

ವಿಚಾರಣೆ ಆಯಿತು. ಕೇಳಿದ್ದಕ್ಕೆಲ್ಲ ಹೌದು ಎಂದೆ. ದಂಡನೆಯನ್ನೂ ಕೊಟ್ಟರು, ಅದು ನ್ಯಾಯವಾದದ್ದೇ. ನನ್ನ ಮೊದಲ ಮೇಲ್ವಿಚಾರಕರು ಅಷ್ಟರಲ್ಲಿ ತೀರಿಹೋಗಿದ್ದರು. ಹೇಳಿಕೊಟ್ಟವರು ಯಾರು ಎಂದು ಕೇಳಿದಾಗ ಬರೆದವಳು ನಾನು ಎಂದಷ್ಟೇ ಹೇಳಿದೆ. ಕಚೇರಿಯಲ್ಲಿ ಕೆಲವರು ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಹಳೆಯ ಕಡತ ಕೆದಕುವವಳು, ನಾಳೆ ನಮ್ಮದನ್ನೂ ಕೆದಕಿಯಾಳು ಎಂಬ ಭಯ.

ಆಮೇಲೆ ಶುರುವಾದದ್ದು ಬೇರೆಯೇ ಆಟ. ತಿಟ್ಟಿನಲ್ಲಿ ಜನರಿದ್ದಾರೆ, ಸರಿ. ಆದರೆ ತಿಟ್ಟು ಯಾವ ಜಿಲ್ಲೆಯದು? ಹೊಳೆಯ ಆಳವಾದ ಕವಲು ಗಡಿ ಎಂಬುದು ಹಳೆಯ ಲೆಕ್ಕ. ಹಳೆಯ ನಕ್ಷೆಯಲ್ಲಿ ಆಳವಾದ ಕವಲು ನಮ್ಮ ದಡದ ಕಡೆಗಿತ್ತು, ಅಂದರೆ ತಿಟ್ಟು ಆಚೆ ಜಿಲ್ಲೆಯವರದು. ಅವರನ್ನು ಕೇಳಿದರೆ, ಈಗ ಆಳ ಆ ಕಡೆಯಿಲ್ಲ, ನಮ್ಮ ಕಡೆಗಿದೆ, ಆದ್ದರಿಂದ ತಿಟ್ಟು ನಿಮ್ಮದು ಎಂದರು. ಜನರಿಲ್ಲದ ತಿಟ್ಟಾಗಿದ್ದು ಮರಳು ಇದ್ದಿದ್ದರೆ ಎರಡು ಕಡೆಯವರೂ ನಮ್ಮದು ನಮ್ಮದು ಎನ್ನುತ್ತಿದ್ದರು. ಜನರಿದ್ದ ತಿಟ್ಟು ಯಾರಿಗೂ ಬೇಡವಾಯಿತು.

ಕಾಗದ ಹೋಗಿ ಕಾಗದ ಬರುವುದರಲ್ಲೇ ಮಳೆಗಾಲಗಳು ಕಳೆದವು. ಕೊನೆಗೆ ಒಂದು ಬೇಸಗೆ ಎರಡು ಕಡೆಯವರೂ ಕೂಡಿ ಅಳೆಯುವುದು ಎಂದಾಯಿತು. ಆಚೆಯಿಂದ ಬಂದ ಸರ್ವೆಯರ್ ಚಿಕ್ಕ ವಯಸ್ಸಿನವರು, ಉಪಗ್ರಹದಿಂದ ಜಾಗ ತಿಳಿಯುವ ಯಂತ್ರ ತಂದಿದ್ದರು. ಅದು ನಾವು ನಿಂತ ಜಾಗವನ್ನು ಬೆರಳಿನಗಲದಷ್ಟು ನಿಖರವಾಗಿ ಹೇಳುತ್ತಿತ್ತು. ಆದರೆ ನೀರಿನ ಆಳ ಹೇಳುತ್ತಿರಲಿಲ್ಲ. ಅದಕ್ಕೆ ಮಾದೇವನ ಬಿದಿರು ಗಳವೇ ಬೇಕಾಯಿತು. ಗಳಕ್ಕೆ ಅಡಿ ಅಡಿಗೆ ಬಣ್ಣ ಹಚ್ಚಿ, ಎರಡೂ ಕವಲುಗಳಲ್ಲಿ ದಡದಿಂದ ತಿಟ್ಟಿನವರೆಗೆ ಚುಚ್ಚುತ್ತಾ ಹೋದೆವು. ಅವನು ಕೂಗುವುದು, ನಾನು ಬರೆಯುವುದು. ನಾಲ್ಕು ದಿನ ಹರಿಗೋಲಿನಲ್ಲೇ ಇದ್ದೆ. ಭಯ ಹೋಗಿರಲಿಲ್ಲ, ಆದರೆ ಭಯಕ್ಕೆ ಗಮನ ಕೊಡಲು ಪುರುಸೊತ್ತಿರಲಿಲ್ಲ.

ಆಳ ಆಚೆಯ ಕವಲಿನಲ್ಲಿತ್ತು. ತಿಟ್ಟು ನಮ್ಮದು ಎಂದಾಯಿತು. ಆಚೆಯ ಸರ್ವೆಯರ್ ಖುಷಿಯಿಂದ ಸಹಿ ಹಾಕಿ, ಚಿಕ್ಕತಾಯಮ್ಮನ ಮನೆಯಲ್ಲಿ ಮಜ್ಜಿಗೆ ಕುಡಿದು ಹೋದರು. ಅದಾಗಿ ಕೆಲವು ತಿಂಗಳಿಗೆ ನಕ್ಷೆಯಲ್ಲಿ ನೀಲಿಯ ನಡುವೆ ಒಂದು ಹಳದಿ ಮಚ್ಚೆ ಬಂತು. 'ಅತ್ತಿತಿಟ್ಟು, ಜನವಸತಿ ಪ್ರದೇಶ.' ಅಂದು ಬಸ್ಸು ಹಿಡಿದು ಹೋಗಿ ಆ ನಕ್ಷೆಯ ಪ್ರತಿಯನ್ನು ಅವರಿಗೆ ಕೊಟ್ಟು ಬಂದೆ. ಸೇತುವೆಯ ಅರ್ಜಿಯನ್ನು ಮತ್ತೆ ಹಾಕಿದರು. ಈ ಸಲ ಅದು ವಾಪಸು ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನೂ ಇದನ್ನು ಸಂತೋಷದಿಂದ ಬರೆಯುತ್ತಿದ್ದೆ.

ಸೇತುವೆಯ ಕಂಬಕ್ಕೆ ಗುರುತು ಮಾಡಿದ ವರ್ಷವೇ ದೊಡ್ಡ ನೀರು ಬಂತು. ಎಲ್ಲ ಕಟ್ಟೆಗಳೂ ತುಂಬಿ ಒಟ್ಟಿಗೆ ಬಾಗಿಲು ತೆಗೆದರು. ತಿಟ್ಟಿನವರನ್ನೆಲ್ಲ ಮೋಟಾರು ದೋಣಿಯಲ್ಲಿ ದಡಕ್ಕೆ ತಂದು ಕಡವಿನಕೊಪ್ಪಲಿನ ಶಾಲೆಯಲ್ಲಿ ಇರಿಸಿದರು. ದಾಖಲೆಯಲ್ಲಿ ಅವರಿದ್ದಾರೆ, ಆದ್ದರಿಂದ ದೋಣಿ ಹೋಯಿತು. ಇದೊಂದನ್ನು ನಾನು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ನೀರು ಹುಣಸೆಮರದ ಹಳೆಯ ಗುರುತುಗಳನ್ನೆಲ್ಲ ಮೀರಿತು. ಇಳಿದ ಮೇಲೆ ನೋಡಿದರೆ ಹನ್ನೊಂದರಲ್ಲಿ ಎಂಟು ಮನೆ ಕರಗಿ ಮಣ್ಣಾಗಿತ್ತು.

ಇನ್ನು ಇವರನ್ನು ಅಲ್ಲಿ ಬಿಡುವುದು ಅಪಾಯ ಎಂದು ತೀರ್ಮಾನವಾಯಿತು. ದಡದಲ್ಲಿ ರಸ್ತೆಯ ಪಕ್ಕ ಜಾಗ ಗುರುತಿಸಿ, ಹನ್ನೊಂದು ಕುಟುಂಬಕ್ಕೂ ನಿವೇಶನ, ಮನೆ. ಖಾಯಂ ನಿವಾಸಿಗಳು ಎಂದು ದಾಖಲೆ ಇದ್ದುದರಿಂದ ಹಕ್ಕುಪತ್ರಕ್ಕೆ ಯಾವ ಅಡ್ಡಿಯೂ ಬರಲಿಲ್ಲ. ಸೇತುವೆಯ ಕೆಲಸ ನಿಂತಿತು. ದಾಟುವವರೇ ಇಲ್ಲದ ಮೇಲೆ ಸೇತುವೆ ಯಾರಿಗೆ?

ಎಲ್ಲರಿಗೂ ದುಃಖವಾಯಿತು ಎಂದರೆ ಸುಳ್ಳು. ಮಾದೇವನ ಸೊಸೆ ರತ್ನ, ಎರಡು ಮಕ್ಕಳ ತಾಯಿ, "ನಂಗಂತೂ ಸಾಕಾಗಿತ್ತು ಮೇಡಂ. ಮಳೆ ಬಂದ್ರೆ ಮಕ್ಳನ್ನ ಎದೆಗವಚ್ಕೊಂಡು ಕೂರದು" ಎಂದಳು. ಅವಳ ಮಾತೂ ನಿಜ.

ಹಕ್ಕುಪತ್ರ ಕೊಡುವ ದಿನ ಶಾಲೆಯ ಅಂಗಳದಲ್ಲಿ ಒಬ್ಬೊಬ್ಬರ ಹೆಸರು ಕೂಗಿದರು. ಗುಮಾಸ್ತರು ಜೋರಾಗಿ ಓದಿದರು: "ಚಿಕ್ಕತಾಯಮ್ಮ, ಮೂಲ ಊರು ಅತ್ತಿತಿಟ್ಟು." ಚಿಕ್ಕತಾಯಮ್ಮ ಪತ್ರ ತೆಗೆದುಕೊಂಡು ನನ್ನ ಪಕ್ಕ ಬಂದು ಕೂತಳು.

"ಇದ್ದಾಗ ಇಲ್ಲ ಅಂದ್ರಿ. ಎದ್ದೋಗೋವಾಗ ಇತ್ತು ಅಂತೀರಿ" ಎಂದಳು. ಬೈಗುಳದ ಹಾಗಿರಲಿಲ್ಲ. ಸುಸ್ತಾದವರು ಹೇಳುವ ಹಾಗೆ ಹೇಳಿದಳು. ಇಬ್ಬರೂ ಸುಸ್ತಾಗಿದ್ದೆವು.

ನಿವೇಶನ ಗುರುತಿಸುವುದು ನನ್ನ ಪಾಲಿಗೆ ಬಂದ ಕೊನೆಯ ಕೆಲಸ. ನಿವೃತ್ತಿಗೆ ಆರು ವಾರ ಉಳಿದಿತ್ತು. ರಸ್ತೆಗೆ ಮುಖ ಮಾಡಿ ಸಾಲಾಗಿ ಮನೆಗಳು ಬರುವಂತೆ ನಕ್ಷೆ ಸಿದ್ಧವಾಗಿತ್ತು. ಗೂಟ ಹೊಡೆಸಿ, ಸುಣ್ಣದ ಗೆರೆ ಹಾಕಿಸುತ್ತಿದ್ದೆ. ಚಿಕ್ಕತಾಯಮ್ಮ ತನ್ನ ಗೆರೆಯೊಳಗೆ ಬಂದು ನಿಂತಳು.

"ಬಾಗ್ಲು ಎಲ್ಲಿ ಬತ್ತದೆ?"

"ಇಲ್ಲಿ, ರಸ್ತೆ ಕಡೆಗೆ."

"ರಸ್ತೆ ನೋಡ್ಕೊಂಡು ನಾನೇನ್ ಮಾಡ್ಲಿ? ಒಳೆ ಕಡೀಕೆ ಮಡ್ಗು."

ಜೊತೆಗಿದ್ದ ಎಂಜಿನಿಯರು ನಕ್ಕರು. "ರಸ್ತೆಗೆ ಬೆನ್ನು ಮಾಡಿ ಯಾರಾದರೂ ಮನೆ ಕಟ್ಟುತ್ತಾರಾ ಮೇಡಂ? ಎಲ್ಲ ನಕ್ಷೆ ಮತ್ತೆ ಬರೆಯಬೇಕಾಗುತ್ತೆ."

ಬರೆಯೋಣ ಎಂದೆ. ಒಂದೊಂದು ಗೆರೆಯೊಳಗೂ ಆ ಮನೆಯವರನ್ನು ನಿಲ್ಲಿಸಿ, ಬಾಗಿಲು ಎಲ್ಲಿ ಬೇಕು ಎಂದು ಕೇಳಿದೆ. ಹತ್ತು ಮನೆಯವರು ಹೊಳೆಯ ಕಡೆ ಕೈ ತೋರಿಸಿದರು. ರತ್ನ ಮಾತ್ರ, "ನಂಗೆ ರಸ್ತೆ ಕಡೀಕೇ ಇರ್ಲಿ" ಎಂದಳು. ಹಾಗೆಯೇ ಗುರುತು ಹಾಕಿದೆ. ಎಂಜಿನಿಯರು ಗೊಣಗುತ್ತಲೇ ಒಪ್ಪಿದರು. ಮೂರು ವಾರ ಮನೆಯಲ್ಲೂ ಕೂತು ನಕ್ಷೆ ತಿದ್ದಿದೆ, ಹಿಂದಿನ ಚರಂಡಿಯನ್ನು ಮುಂದಕ್ಕೆ ತಂದೆ, ಹೊಳೆಯ ಕಡೆಗೆ ಕಾಲುದಾರಿ ಬಿಟ್ಟೆ.

ಈಗ ಅಲ್ಲಿ ಮನೆಗಳಾಗಿವೆ. ಕಡವಿನಕೊಪ್ಪಲಿಗೆ ಹೋಗುವ ಬಸ್ಸಿನವರಿಗೆ ರಸ್ತೆಯ ಪಕ್ಕ ಒಂದು ಮನೆಯ ಬಾಗಿಲು, ಹತ್ತು ಮನೆಯ ಬೆನ್ನು ಕಾಣುತ್ತದೆ. ಸರ್ವೆಯವರು ನಕ್ಷೆಯನ್ನು ತಿರುಗುಮುರುಗು ಹಿಡಿದು ಗೆರೆ ಹಾಕಿದ್ದಾರೆ ಎಂದು ಯಾರೋ ಎರಡು ಸಲ ದೂರು ಕೊಟ್ಟರಂತೆ. ತಪ್ಪಾಗಿಲ್ಲ. ಬಸ್ಸಿಳಿದು, ಮನೆಗಳನ್ನು ಬಳಸಿಕೊಂಡು ಹೊಳೆಯ ಕಡೆಗೆ ಹೋಗಿ ನೋಡಬೇಕು.